ಶಿವನಿಯಿಂದ ಒಂದು ಬಿಂದಿಗೆ ಚಿಪ್ಪು

ನನ್ನ ತವರು ಶಿವನಿ. ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಕೊಟ್ಟಿದ್ದು ಹಿರೇನಲ್ಲೂರಿನ ಹತ್ತಿರದ ಒಂದು ಹಳ್ಳಿಗೆ. ಎರಡೂ ಮನೆಯವರ ಕಸುಬು ಒಂದೇ: ಕೆರೆಯ ಕಪ್ಪೆಚಿಪ್ಪು ಆಯ್ದು, ಗೂಡಿನಲ್ಲಿ ಸುಟ್ಟು, ಸುಣ್ಣ ಮಾಡಿ ಮಾರುವುದು. ವ್ಯತ್ಯಾಸ ಇದ್ದದ್ದು ಚಿಪ್ಪಿನಲ್ಲಿ. ನಮ್ಮೂರಿನದು ಅಂಗೈಯಗಲ, ಒಳ್ಳೆ ದಪ್ಪ. ಇಲ್ಲಿಯದು ಹೆಬ್ಬೆರಳಿನಷ್ಟು. ಇದನ್ನು ನಾನು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದೆ. ಅತ್ತೆ ಎಲೆಗೆ ಸುಣ್ಣ ಸವರುತ್ತಾ, “ಹೂಂ ಕಣೇ, ನಿಮ್ಮೂರಲ್ಲಿ ಸೂರ್ಯನೂ ದೊಡ್ಡದು” ಅನ್ನುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲ ಬಾಣಂತನ ಮುಗಿಸಿ ವಾಪಸು ಬರುವಾಗ ಕಂಕುಳಲ್ಲಿ ಕೂಸು, ಕಾಲ ಬಳಿ ಒಂದು ಬಿಂದಿಗೆ. ಬಿಂದಿಗೆಯಲ್ಲಿ ಶಿವನಿ ಕೆರೆಯ ನೀರು, ಅದರೊಳಗೆ ಜೀವಂತ ಚಿಪ್ಪು. ರೈಲಿನಲ್ಲಿ ಒಬ್ಬಾಕೆ ಕೇಳಿದಾಗ ತುಪ್ಪ ಎಂದೆ. ಅಷ್ಟು ತುಪ್ಪ ಕಳಿಸುವ ತವರು ಯಾರಿಗಿದೆ ಎಂದು ಆಕೆ ನಿಟ್ಟುಸಿರಿಟ್ಟಳು. ಮಾರನೆಯ ದಿನ ಬಟ್ಟೆ ಒಗೆಯುವ ನೆಪದಲ್ಲಿ ಹೋಗಿ ಎಲ್ಲವನ್ನೂ ಈ ಊರಿನ ಕೆರೆಗೆ ಸುರಿದೆ. ಯಾರಿಗೂ ಹೇಳಲಿಲ್ಲ. ದಪ್ಪ ಚಿಪ್ಪು ಗೂಡಿಗೆ ಬಂದ ದಿನ ಹೇಳುವುದೆಂದಿದ್ದೆ.

ಮಳೆ ಕೈಬಿಡಲಿಲ್ಲ. ಕೆರೆ ಬೇಸಿಗೆಯಲ್ಲೂ ಬತ್ತಲಿಲ್ಲ. ದನ ಇಳಿಯುವ ಮೂಲೆಯಲ್ಲಿ ನೀರು ಹಸಿರಾಗಿ ಬೆಚ್ಚಗಿರುತ್ತಿತ್ತು, ಚಿಪ್ಪುಗಳು ಅಲ್ಲೇ ತಿಂದುಂಡು ಸಂಸಾರ ಹೂಡಿದವು. ಎರಡು ಮೂರು ವರ್ಷದಲ್ಲಿ ಊರಿನ ಹಳೆಯ ಚಿಪ್ಪು ಕಾಣದಾಯಿತು. ಹೊಸವು ಅಂಗೈ ಮೀರಿ ಬೆಳೆದವು, ಆದರೆ ಹಪ್ಪಳದಷ್ಟು ತೆಳ್ಳಗೆ. ಗೂಡು ತುಂಬ ಸುಟ್ಟರೂ ಒಂದು ಮೊರ ಸುಣ್ಣ ಬರಲಿಲ್ಲ. ಶಿವನಿಯ ಕೆರೆಯಲ್ಲಿ ಸುಣ್ಣಕಲ್ಲು ಬೆರೆತ ಎರೆಮಣ್ಣು, ಇಲ್ಲಿ ಬರೀ ಕೆಂಪು ಗರಸು. ನೀರಿನಲ್ಲೇ ಸುಣ್ಣವಿಲ್ಲದಿದ್ದರೆ ಚಿಪ್ಪಿಗೆ ಎಲ್ಲಿಂದ ಬರಬೇಕು? ಸುಣ್ಣದವರ ಮಗಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಒಡೆದ ಚಿಪ್ಪಿನ ಅಂಚು ಕುಡುಗೋಲು. ಎಮ್ಮೆಗಳು ಕುಂಟಿದವು. ಆಮೇಲೆ ನಮ್ಮತ್ತೆಯ ಹಿಮ್ಮಡಿಯೇ ಸೀಳಿತು. ಊರಿನ ಹಿರಿಯರು ನಮ್ಮ ಜಗಲಿಗೇ ಬಂದು ಕೂತು, ಈ ಚಿಪ್ಪು ತಂದವರು ಯಾರೆಂದು ಗೊತ್ತಾದರೆ ಆ ಮನೆಯವರು ಇನ್ನು ಕೆರೆಗಿಳಿಯುವಂತಿಲ್ಲ ಎಂದರು. ಕೆರೆಗಿಳಿಯದಿದ್ದರೆ ನಮ್ಮ ಗೂಡು ಉರಿಯುವುದಿಲ್ಲ. ಆದರೂ ಒಪ್ಪಿಕೊಳ್ಳೋಣವೆಂದು ಬಾಗಿಲಿಗೆ ಬಂದೆ.

ಅಷ್ಟರಲ್ಲಿ ಅತ್ತೆ ಅರಿಶಿನದ ಬಟ್ಟೆ ಕಟ್ಟಿದ ಕಾಲೆಳೆದುಕೊಂಡು ನನ್ನನ್ನು ದಾಟಿ ಹೊರಗೆ ಹೋದರು.

“ಯಾರ್ ತತ್ತಾರ್ರೀ ಇದ್ನ? ಆವತ್ತು ಕೋಡಿ ಬಿತ್ತಲ್ಲ, ಮೇಲಿನ್ ಕೆರೆಯಿಂದ ಹರ್ಕೊಂಡ್ ಬಂದೈತೆ. ಕಾಲ್ ಕುಯ್ಸ್ಕೊಂಡೋಳು ನಾನೇ ಸುಮ್ಕಿವ್ನಿ, ನಿಮ್ದೇನ್ ಗಲಾಟೆ?”

ಹಿರಿಯರು ಟವಲ್ ಕೊಡವಿಕೊಂಡು ಎದ್ದರು. ಅತ್ತೆ ಒಳಗೆ ಬಂದು ಎಲೆ ಬಿಡಿಸಿಕೊಂಡು ಕೂತರು.

“ನೀನು ತಂದ್ಯಲ್ಲ, ಆ ಬಿಂದಿಗೆ ತೊಳ್ದೋಳು ನಾನು ಕಣೇ. ಮೂರ್ ದಿನ ಕೆಸರ್ ವಾಸ್ನೆ ಹೋಗ್ಲಿಲ್ಲ.”

ನಾನು ಅತ್ತುಬಿಟ್ಟೆ.

“ಅಳ್ಬೇಡ. ಮುಂದಿನ್ ಸಲ ತವರಿಗ್ ಹೋದಾಗ ಸುಟ್ಟಿರೋ ಸುಣ್ಣಾನೇ ತಗೊಂಡ್ ಬಾ,” ಎಂದರು. ಎಲೆ ಬಾಯಿಗಿಟ್ಟುಕೊಂಡು, ಗೋಡೆ ಕಡೆ ತಿರುಗಿ ಸೇರಿಸಿದರು: “ನಿಮ್ಮೂರ್ದು ಚೆನ್ನಾಗೈತೆ.”