ನಲವತ್ತಕ್ಕೆ ಸೊನ್ನೆ

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಮೊದಲ ಪರೀಕ್ಷೆಯ ಸಮಾಜ ವಿಜ್ಞಾನದಲ್ಲಿ ನಲವತ್ತಕ್ಕೆ ಹದಿನೈದು ತಂದಳು. ಆ ಸಂಜೆ ಹೊಸಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಉತ್ತರಪತ್ರಿಕೆ ಕೈಯಲ್ಲಿ ಹಿಡಿದುಕೊಂಡು ನಾನು ಹೆಂಡತಿಯ ಮೇಲೆ ಹರಿಹಾಯ್ದೆ. ಅಲ್ಲಿಯವರೆಗೆ ಮಗಳಿಗೆ ಪಾಠ ಹೇಳಿಕೊಡುತ್ತಿದ್ದವಳು ಅವಳೇ. ನರ್ಸಿಂಗ್ ಹೋಮೊಂದರ ಲ್ಯಾಬಿನಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬಂದು, ಕುಕ್ಕರ್ ಇಟ್ಟು, ಅಡುಗೆಮನೆಯಲ್ಲೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದಳು.

"ನಿನ್ ಕೈಲಿ ಆಗಲ್ಲ ಬಿಡು. ಇನ್ಮೇಲೆ ನಾನ್ ನೋಡ್ಕೋತೀನಿ," ಅಂದೆ.

ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಸರಿ, ನೀವೇ ನೋಡ್ಕೊಳಿ. ನಾನು ಮಧ್ಯೆ ಬಾಯಿ ಹಾಕಲ್ಲ. ಏನೇ ಆದ್ರೂ ಹಾಕಲ್ಲ."

ನನಗೆ ಬೇಕಾದದ್ದೂ ಅದೇ. ನಾನು ಬಾಯಿಪಾಠ ಮಾಡಿಯೇ ಮೇಲೆ ಬಂದವನು. ತುಮಕೂರಿನ ಹಾಸ್ಟೆಲಿನ ಟೆರೇಸಿನ ಮೇಲೆ ಅತ್ತಿಂದಿತ್ತ ಓಡಾಡುತ್ತಾ ಇಡೀ ಪುಸ್ತಕಗಳನ್ನು ಅಲ್ಪವಿರಾಮ ಸಮೇತ ಉರು ಹೊಡೆದು, ಪರೀಕ್ಷೆ ಬರೆದು, ಗುಮಾಸ್ತನ ಕೆಲಸ ಹಿಡಿದವನು. ಅರ್ಥ ಆಮೇಲೆ ತಾನಾಗಿಯೇ ಆಗುತ್ತದೆ ಅಂತ ನಂಬಿದ್ದೆ. ಎಷ್ಟೋ ವಿಷಯಗಳಲ್ಲಿ ಅದು ಇವತ್ತಿನವರೆಗೂ ಆಗಿಲ್ಲ, ಆ ಮಾತು ಬೇರೆ.

ನನ್ನ ಕ್ರಮ ಹೀಗಿತ್ತು. ಆರೂವರೆಗೆ ಆಫೀಸಿನಿಂದ ಬಂದು ಕಾಫಿ ಕುಡಿದ ತಕ್ಷಣ ಪಾಠ ಶುರು. ಮಗಳು ಫ್ರಿಡ್ಜ್ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ನಾನು ನೋಟ್ಸ್ ಹಿಡಿದು ಎದುರಿಗೆ ಕೂರಬೇಕು. ಪ್ರಶ್ನೆ ಕೇಳಿದರೆ ಉತ್ತರ ಅಕ್ಷರಕ್ಕೆ ಅಕ್ಷರ ಬರಬೇಕು. ಒಂದು ಪದ ತಪ್ಪಿದರೂ ಪಾಠದ ಮೊದಲನೇ ಪ್ರಶ್ನೆಯಿಂದ ಮತ್ತೆ ಶುರು.

ಒಂದು ಸಂಜೆ ಮಣ್ಣಿನ ಬಗೆಗಳ ಪಾಠ. ಇಂಗ್ಲಿಷ್ ಮೀಡಿಯಂ. ಅವಳು, "ಬ್ಲ್ಯಾಕ್ ಸಾಯಿಲ್ ಹೋಲ್ಡ್ಸ್ ವಾಟರ್," ಅಂದಳು.

"ಹೋಲ್ಡ್ಸ್ ಅಲ್ಲ. ರಿಟೇನ್ಸ್. ವಾಟರ್ ಅಲ್ಲ, ಮಾಯಿಶ್ಚರ್. ಮೊದಲಿಂದ ಹೇಳು."

"ಎರಡೂ ಒಂದೇ ಅಲ್ವಾ ಅಪ್ಪಾ?"

"ಪುಸ್ತಕದಲ್ಲಿ ಒಂದೇ ಇರೋದು. ಅದನ್ನ ಹೇಳು."

"ನೀನು ಕಪ್ಪು ಮಣ್ಣು ನೋಡಿದೀಯಾ?"

"ಪರೀಕ್ಷೇಲಿ ಅದನ್ನ ಕೇಳಲ್ಲ ಕಣೇ!"

ಅವಳಿಗೆ ನೆನಪಿನ ಶಕ್ತಿ ಇಲ್ಲದೆ ಇರಲಿಲ್ಲ. ಚಲ್ಲಘಟ್ಟದಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೋ ಸ್ಟೇಷನ್ನುಗಳ ಹೆಸರನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದಳು, ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದರ ಸಮೇತ. ಬೀದಿಯ ಏಳು ಬೆಕ್ಕುಗಳಲ್ಲಿ ಯಾವುದು ಯಾವುದರ ಮರಿ ಅಂತ ಗೊತ್ತಿತ್ತು. ಇದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸುತ್ತಿತ್ತು. ಬೆಕ್ಕಿಗೆ ಜಾಗ ಇರುವ ತಲೆಯಲ್ಲಿ ಮಣ್ಣಿಗೆ ಯಾಕಿಲ್ಲ?

ಎರಡನೇ ವಾರ ನಾನು ಎಲ್ಲ ಉತ್ತರಗಳನ್ನೂ ನನ್ನ ಧ್ವನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಬೆಳಗ್ಗೆ ಅವಳು ಹಲ್ಲುಜ್ಜುವಾಗ, ಅವಳ ಅಮ್ಮ ಜಡೆ ಹಾಕುವಾಗ, ಉಪ್ಪಿಟ್ಟು ತಿನ್ನುವಾಗ ಅದು ಓಡುತ್ತಿರಬೇಕು. ಹೆಂಡತಿ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಜಡೆ ಮಾತ್ರ ದಿನದಿಂದ ದಿನಕ್ಕೆ ಬಿಗಿಯಾಗುತ್ತಾ ಹೋಯಿತು. ಮಾತಾಡಿದವರು ಕೆಳಗಿನ ಮನೆಯ ಓನರ್ ಆಂಟಿ. ಮೆಟ್ಟಿಲ ಹತ್ತಿರ ನನ್ನನ್ನು ತಡೆದು, "ಏನ್ ಸಾರ್, ನಮ್ಮನೆ ಟೀವಿಗಿಂತ ನಿಮ್ ಮನೆ ಪಾಠನೇ ಜೋರಾಗಿ ಕೇಳ್ಸುತ್ತೆ. ಪರೀಕ್ಷೆ ಮಗೀಗಾ, ನಮಗಾ?" ಅಂದರು.

"ಮಕ್ಕಳಿರೋ ಮನೆ ಆಂಟಿ, ಸದ್ದು ಇರುತ್ತೆ," ಅಂದೆ.

"ಮಗೂದು ಸದ್ದೇ ಇಲ್ವಲ್ಲ ಸಾರ್. ನಿಮ್ದೇ."

ನಾನು ಮೇಲೆ ಹತ್ತಿದೆ. ಅವತ್ತಿನಿಂದ ಅವರ ಮುಖ ನೋಡುವುದನ್ನು ಬಿಟ್ಟೆ.

ಮೊದಮೊದಲು ಮಗಳು ಅತ್ತಳು. ಹೊಟ್ಟೆನೋವು ಅಂದಳು. ಆಮೇಲೆ ಎಲ್ಲ ನಿಂತಿತು. ಗೋಡೆಗೆ ಒರಗಿ, ನನ್ನ ತಲೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಾ, ಒಂದೂ ತಪ್ಪಿಲ್ಲದೆ ಒಪ್ಪಿಸತೊಡಗಿದಳು. ಅದೇ ಹೊತ್ತಿನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಹುಟ್ಟಿದಾಗಿನಿಂದ ನನ್ನನ್ನು 'ನೀನು' ಅನ್ನುತ್ತಿದ್ದವಳು 'ನೀವು' ಅನ್ನತೊಡಗಿದಳು. 'ಆಯ್ತಾ? ಹೋಗ್ಲಾ? ನೀವು ಸೈನ್ ಹಾಕಿ.' ಹುಡುಗಿಗೆ ಈಗ ಸ್ವಲ್ಪ ಭಯಭಕ್ತಿ ಬಂತು ಅಂತ ನಾನು ಖುಷಿಪಟ್ಟೆ. ಹೆಂಡತಿಗೆ ಹೇಳಿಯೂ ಹೇಳಿದೆ. ಅವಳು ಮೊಸರಿನ ಪಾತ್ರೆಯನ್ನು ನನ್ನ ತಟ್ಟೆಯ ಪಕ್ಕ ಕುಕ್ಕಿ ಹೋದಳು.

ಸಮಾಜದ ಎರಡನೇ ಪರೀಕ್ಷೆಯ ದಿನ ಆಫೀಸಿನಿಂದ ಬಂದು "ಹೆಂಗಿತ್ತು?" ಅಂತ ಕೇಳಿದೆ.

"ಓದಿದ್ದೇ ಬಂದಿತ್ತು."

"ಎಲ್ಲಾ?"

"ಎಲ್ಲಾ."

ವಿಜಯನಗರದ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದೆ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರಿಗೆ, ಮಕ್ಕಳನ್ನು ಓದಿಸುವುದು ಹೇಗೆ ಅಂತ ಊಟದ ಹೊತ್ತಿನಲ್ಲಿ ಉಪನ್ಯಾಸವನ್ನೂ ಕೊಟ್ಟೆ.

ಹತ್ತು ದಿನ ಕಳೆದ ಮೇಲೆ ಕ್ಲಾಸ್ ಟೀಚರ್ ಫೋನ್ ಮಾಡಿ, ಪೋಷಕರು ಬಂದು ಕಾಣಬೇಕು ಅಂದರು. ಅರ್ಧ ದಿನ ರಜೆ ಹಾಕಿ ಹೋದೆ. ನಡುವಯಸ್ಸಿನ ಹೆಂಗಸು, ಖಡಾಖಂಡಿತ ಮಾತು. ಸ್ಟಾಫ್ ರೂಮಿನ ಮೇಜಿನ ಮೇಲೆ ಸಮಾಜದ ಉತ್ತರಪತ್ರಿಕೆಯನ್ನು ಬಿಚ್ಚಿ ನನ್ನ ಕಡೆ ತಿರುಗಿಸಿದರು. ಹೆಸರಿತ್ತು, ರೋಲ್ ನಂಬರ್ ಇತ್ತು. ಸ್ಕೇಲ್ ಇಟ್ಟು ಎಳೆದ ಮಾರ್ಜಿನ್ ಇತ್ತು. ಪ್ರಶ್ನೆಯ ನಂಬರುಗಳು ಒಂದರ ಕೆಳಗೊಂದು ಮುದ್ದಾಗಿದ್ದವು. ಎರಡು ಅಂಕದ್ದಕ್ಕೆ ಮೂರು ಸಾಲು, ನಾಲ್ಕು ಅಂಕದ್ದಕ್ಕೆ ಎಂಟು ಸಾಲು, ಅಳತೆ ಮಾಡಿ ಜಾಗ ಬಿಟ್ಟಿದ್ದಳು. ಉತ್ತರ ಮಾತ್ರ ಒಂದೂ ಇರಲಿಲ್ಲ.

"ಮನೇಲಿ ಏನಾದ್ರೂ ತೊಂದ್ರೆನಾ ಸಾರ್?" ಟೀಚರ್ ಕೇಳಿದರು.

"ಎಲ್ಲಾ ಓದ್ಸಿದೀನಿ ಮೇಡಂ. ಬೇಕಾದ್ರೆ ಕರೆಸಿ ಕೇಳಿ. ಹೇಳದೆ ಇದ್ರೆ ಆಮೇಲೆ ಮಾತಾಡಿ."

ಮಗಳು ಬಂದು ಮೇಜಿನ ಆ ಬದಿಗೆ ನಿಂತಳು. ಟೀಚರ್ ಮೊದಲ ಪ್ರಶ್ನೆ ಕೇಳಿದರು. ಅವಳು ಪಟಪಟನೆ ಹೇಳಿದಳು. ಎರಡನೆಯದು, ಹೇಳಿದಳು. ಕೊನೆಯ ಪ್ರಶ್ನೆಯವರೆಗೂ ಒಂದಕ್ಷರ ತಪ್ಪಲಿಲ್ಲ. ನಾಲ್ಕನೆಯ ಉತ್ತರದ ಮಧ್ಯೆ ಒಂದು ಕಡೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಮುಂದುವರಿದಳು. ರೆಕಾರ್ಡ್ ಮಾಡುವಾಗ ನಾನು ಅಲ್ಲೇ ಕೆಮ್ಮಿದ್ದೆ. ಅವಳು ಕೆಮ್ಮನ್ನೂ ಬಾಯಿಪಾಠ ಮಾಡಿದ್ದಳು.

"ಇಷ್ಟೆಲ್ಲಾ ಗೊತ್ತಿದ್ದು ಯಾಕಮ್ಮಾ ಬರೀಲಿಲ್ಲ?" ಟೀಚರ್ ಧ್ವನಿ ಇಳಿದಿತ್ತು.

ಅವಳು ನನ್ನ ಕಡೆ ತಿರುಗದೆ ಹೇಳಿದಳು: "ಬರೆದಿದ್ರೆ ಅಪ್ಪ ಗೆಲ್ತಿದ್ರು ಮಿಸ್."

ಪಕ್ಕದ ಮೇಜಿನಲ್ಲಿ ಪುಸ್ತಕ ತಿದ್ದುತ್ತಿದ್ದ ಇನ್ನೊಬ್ಬ ಟೀಚರ್ ತಲೆ ಎತ್ತಿದರು. ಕ್ಲಾಸ್ ಟೀಚರ್ ಕೆಂಪು ಪೆನ್ನಿನಲ್ಲಿ ಪತ್ರಿಕೆಯ ಮೇಲೆ ಸೊನ್ನೆ ಸುತ್ತಿದರು. "ಬಾಯಲ್ಲಿ ಹೇಳಿದ್ದಕ್ಕೆ ನಾನು ಮಾರ್ಕ್ಸ್ ಕೊಡೋ ಹಾಗಿಲ್ಲ," ಅಂತ ಅವಳಿಗೆ ಹೇಳಿ, ನನ್ನ ಕಡೆ ನೋಡಿ, "ಈ ಸೊನ್ನೆ ಯಾರ್ದು ಅಂತ ನೀವೇ ತೀರ್ಮಾನ ಮಾಡ್ಕೊಳಿ ಸಾರ್," ಅಂದರು.

ಮಗಳನ್ನು ಕರೆದುಕೊಂಡು ವಾಪಸ್ ಬರುವಾಗ ಮಾಗಡಿ ರೋಡಿನಲ್ಲಿ ನನಗೆ ತಡೆಯಲಾಗಲಿಲ್ಲ. ಹೂವಿನ ಗಾಡಿಯೊಂದರ ಪಕ್ಕ ಸ್ಕೂಟರ್ ನಿಲ್ಲಿಸಿ ಅವಳನ್ನು ಇಳಿಸಿದೆ. ನನ್ನ ಮರ್ಯಾದೆ ತೆಗೆದೆ, ನಿನಗೋಸ್ಕರ ಇಷ್ಟು ಕಷ್ಟಪಟ್ಟೆ, ಅಂತ ಬಸ್ಸುಗಳ ಸದ್ದಿನ ಮಧ್ಯೆ ಕಿರುಚಿದೆ. ಹೂವಿನವಳು ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನೋಡುತ್ತಿದ್ದಳು.

"ಹೊಡೀರಿ," ಅಂದಳು ಮಗಳು.

ಅಲ್ಲಿಯವರೆಗೆ ನಾನು ಅವಳ ಮೇಲೆ ಕೈ ಮಾಡಿದವನಲ್ಲ. ಅವತ್ತು ಮಾಡಿದೆ. ಅವಳ ತಲೆಯ ಮೇಲೆ ಹೆಲ್ಮೆಟ್ ಇದೆ ಅನ್ನುವುದೂ ನನಗೆ ಹೊಳೆಯಲಿಲ್ಲ. ಬೀಸಿದ ಕೈ ಅದಕ್ಕೆ ಬಡಿದು ಕಿರುಬೆರಳಿನಿಂದ ಮೊಣಕೈವರೆಗೆ ನೋವು ಝಲ್ಲೆಂದಿತು. ನಾನು ಕೈ ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಕುಕ್ಕರಿಸಿದೆ. "ಥೂ, ಮಗೀಗೆ ಹೊಡೀತೀಯಲ್ಲ, ಮನುಷ್ಯನಾ ನೀನು?" ಅಂದಳು ಹೂವಿನವಳು. ಮಗಳು ಅಳಲೂ ಇಲ್ಲ, ನಗಲೂ ಇಲ್ಲ. ಹೆಲ್ಮೆಟ್ಟಿನ ಗಾಜನ್ನು ಕೆಳಗೆ ಎಳೆದುಕೊಂಡಳು.

ಬೆರಳು ಮುರಿದಿತ್ತು. ಹೆಂಡತಿ ತನ್ನ ನರ್ಸಿಂಗ್ ಹೋಮಿನಲ್ಲೇ ಎಕ್ಸ್-ರೇ ತೆಗೆಸಿ, ಕಟ್ಟು ಹಾಕಿಸಿ, ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ ಬಾಯಿ ಬಿಟ್ಟಳು. "ಹೆಲ್ಮೆಟ್ ಇಲ್ದಿದ್ರೆ ಇವತ್ತು ಯಾರ ಎಕ್ಸ್-ರೇ ತೆಗೀಬೇಕಿತ್ತು? ಇನ್ಮೇಲೆ ಅವಳ ಪುಸ್ತಕ ಮುಟ್ಟಿದ್ರೆ ನಾನು ಅವಳನ್ನ ಕರ್ಕೊಂಡು ಹೋಗ್ತೀನಿ. ತಮಾಷೆಗೆ ಹೇಳ್ತಿಲ್ಲ."

ಪಾಠ ಮತ್ತೆ ಅಡುಗೆಮನೆಗೆ ಹೋಯಿತು. ವರ್ಷದ ಕೊನೆಗೆ ಸಮಾಜದಲ್ಲಿ ಅವಳಿಗೆ ಇಪ್ಪತ್ತಮೂರು ಬಂದಿತ್ತು. ನನಗೆ ಯಾರೂ ಹೇಳಲಿಲ್ಲ, ಅಂಕಪಟ್ಟಿ ಟೀವಿ ಮೇಲೆ ಇಟ್ಟಿದ್ದಾಗ ಕದ್ದು ನೋಡಿದೆ.

ಈಗ ಅವಳು ಎಂಟನೇ ಕ್ಲಾಸು. ತಾನೇ ಓದಿಕೊಳ್ಳುತ್ತಾಳೆ. ಕ್ಷಮೆ ಕೇಳಬೇಕು ಅಂತ ಎರಡು ಸಲ ಅವಳ ರೂಮಿನ ಬಾಗಿಲವರೆಗೆ ಹೋಗಿದ್ದೆ. ಎರಡೂ ಸಲ "ಏನು?" ಅಂತ ತಲೆ ಎತ್ತಿದ ಆ ಮುಖ ನೋಡಿ, ಚಾರ್ಜರ್ ಕೇಳಿ ವಾಪಸ್ ಬಂದೆ.

ಹೋದ ತಿಂಗಳು ಪೋಷಕರ ಸಭೆಯ ದಿನ ಹೆಂಡತಿಗೆ ರಜೆ ಸಿಗಲಿಲ್ಲ. ನಾನು ಬರುತ್ತೇನೆ ಅಂದೆ. ಮಗಳು ಶೂ ಲೇಸ್ ಕಟ್ಟುತ್ತಾ, "ಬಂದ್ರೆ ಸುಮ್ನೆ ಕೂತ್ಕೊಳಿ. ಏನೂ ಕೇಳ್ಬೇಡಿ, ಏನೂ ಹೇಳ್ಬೇಡಿ," ಅಂದಳು. ಹಾಗೇ ಕೂತೆ. ಗಣಿತದ ಮೇಷ್ಟ್ರು, "ಏನಾದ್ರೂ ಕೇಳೋದಿತ್ತಾ ಸಾರ್?" ಅಂದರು. ಪಕ್ಕದಲ್ಲಿ ನಿಂತಿದ್ದ ಅವಳ ಉಸಿರು ಬಿಗಿಯಾದದ್ದು ನನಗೆ ಗೊತ್ತಾಯಿತು. ಇಲ್ಲ ಅಂತ ತಲೆಯಾಡಿಸಿದೆ. ಅವಳು ಸೈನ್ ಹಾಕುವ ಹಾಳೆಯನ್ನು ನನ್ನ ಮುಂದೆ ತಳ್ಳಿ, ಎಲ್ಲಿ ಹಾಕಬೇಕು ಅಂತ ಬೆರಳಿಟ್ಟು ತೋರಿಸಿದಳು. ನಾನು ಹಾಕುವಷ್ಟರಲ್ಲಿ ಗೆಳತಿಯರ ಜೊತೆ ಕಾರಿಡಾರಿನ ತುದಿ ಮುಟ್ಟಿದ್ದಳು.