ಸಿಳ್ಳಾರ ಹಾಡದ ಬೆಳಗು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಹಳ್ಳದಲ್ಲಿ ಸಿಳ್ಳಾರ ಹಕ್ಕಿ ಇನ್ನೂ ಇದೆ ಅಂತ ಊರನ್ನೆಲ್ಲ ನಂಬಿಸಿದ ಪೆದ್ದ ನಾನೇ. ಬೇಕಂತ ಮಾಡಿದ್ದಲ್ಲ. ಬಾಯಿ ಸುಮ್ಮನಿರಲ್ಲ, ಅಷ್ಟೇ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ದನಿಯಲ್ಲಿ ‘ರೈಟ್’ ಅಂದು, ಟೀ ಕುಡಿಯುತ್ತಿದ್ದ ಆ ಕಂಡಕ್ಟರನ್ನೇ ಬಿಟ್ಟು ಬಸ್ ಹೊರಡಿಸಿದವನು ನಾನು. ಪರೀಕ್ಷೆಯಲ್ಲಿ ಮಾತ್ರ ಪಾಸಾದವರ ಥರ ಮಾಡೋಕೆ ಬರಲಿಲ್ಲ.

ತರೀಕೆರೆಯಿಂದ ಬೆಟ್ಟದ ಕಡೆ ಹೋದರೆ ನಮ್ಮೂರ ಹಳ್ಳ. ಅಲ್ಲಿನ ದೊಡ್ಡ ಬಂಡೆಯ ಸಂದಿಯಲ್ಲಿ ಸಿಳ್ಳಾರ ಗೂಡು ಕಟ್ಟುತ್ತಿತ್ತು. ಕಪ್ಪುನೀಲಿ ಹಕ್ಕಿ, ಕೆಲಸವಿಲ್ಲದ ಹುಡುಗ ರಾಗ ಮರೆತು ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಅದರ ಹಾಡು. ಆ ಕಸುಬು ನನಗೆ ಕಲಿಸಬೇಕೇ? ಬೆಳಗ್ಗೆ ಎಮ್ಮೆ ಹೊಡೆದುಕೊಂಡು ಹೋದಾಗೆಲ್ಲ ಅದರ ಥರವೇ ಸಿಳ್ಳೆ ಹಾಕುತ್ತಿದ್ದೆ. ಅದೂ ಉತ್ತರ ಕೊಡುತ್ತಿತ್ತು.

ಹೋದ ಮುಂಗಾರಿನ ಶುರುವಿಗೆ ಹಕ್ಕಿ ಸಮೀಕ್ಷೆಗೆ ಅಂತ ಒಬ್ಬ ಮೇಡಂ ಬಂದರು. ರಸ್ತೆ ಅಗಲ ಮಾಡೋಕೆ ಆ ಬಂಡೆ ಒಡೆಯುವುದಿತ್ತು. ಸಿಳ್ಳಾರ ಇರೋದು ಖಾತ್ರಿಯಾದರೆ ತಡೆಯಬಹುದು, ಇಲ್ಲದಿದ್ದರೆ ತಮ್ಮ ಮಾತು ಯಾರೂ ಕೇಳಲ್ಲ ಅಂದರು. ದಿನಾ ಬೆಳಗ್ಗೆ ಕೂಗತ್ತೆ ಅಂತ ಊರವರೆಲ್ಲ ಹೇಳಿದರು. ಬಂಡೆ ಎದುರೇ ಬಟ್ಟೆ ಒಗೆಯುವ ನಮ್ಮ ಅತ್ತಿಗೆಯೂ ಹಾಗೇ ಅಂದರು.

ಮಾರನೇ ದಿನ ಬೆಳಕು ಹರಿಯುವ ಮುಂಚೆ ಮೇಡಂ, ಅತ್ತಿಗೆ, ನಾನು ಬಂಡೆ ಎದುರು ಕೂತೆವು. ಯಾರೂ ಸದ್ದು ಮಾಡಬಾರದು ಅಂತ ಮೇಡಂ ಕಣ್ಣಲ್ಲೇ ಹೇಳಿದರು. ನೀರು ಹರಿಯಿತು. ಬಿಸಿಲು ಬಂತು. ಹಾಡು ಬರಲಿಲ್ಲ. ಹಾಡುವವನು ಮೇಡಂ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದ. ಮೇಡಂ ಎದ್ದು ಹೋಗಿ ಸಂದಿಗೆ ಟಾರ್ಚ್ ಬಿಟ್ಟರು. ಜೇಡರ ಬಲೆ ಇತ್ತು.

ಅದು ಕೊನೇ ಸಲ ಉತ್ತರ ಕೊಟ್ಟಿದ್ದು ಯಾವಾಗ? ನೆನಪಾಗಲಿಲ್ಲ. ನಾನೇ ಶುರು ಮಾಡುತ್ತಿದ್ದೆ, ನಾನೇ ಮುಗಿಸುತ್ತಿದ್ದೆ. ಪೊದೆ ಹಿಂದೆ ಹೋಗಿ ಒಂದು ಸಿಳ್ಳೆ ಹಾಕಿದ್ದರೆ ಬಂಡೆ ಉಳಿಯುತ್ತಿತ್ತೇನೋ. ಬಾಯಿ ಏಳಲಿಲ್ಲ. ದುಃಖ ಅಂತೇನಲ್ಲ, ಹಲ್ಲು ಕೀಳೋ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆ ಹಾಗಿತ್ತು ಎಲ್ಲಾ. ದಿನಾ ಕೂಗುತ್ತಿದ್ದುದು ನಾನೇ ಅಂತ ಹೇಳಿದೆ. ಮೇಡಂ ಬೈಯಲೂ ಇಲ್ಲ. ಬೈನಾಕ್ಯುಲರ್ ಚೀಲಕ್ಕೆ ಹಾಕಿಕೊಂಡು, ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿದರು. ಬಂಡೆ ಈಗಿಲ್ಲ.

ಅವತ್ತು ಮನೆಗೆ ಬರುವಾಗ ತಪ್ಪನ್ನು ಸ್ವಲ್ಪ ಅತ್ತಿಗೆ ಮೇಲೂ ಹಾಕೋಣ ಅನ್ನಿಸಿತು.

"ದಿನಾ ಅಲ್ಲೇ ಬಟ್ಟೆ ಒಗೀತೀರಲ್ಲ ಅತ್ತಿಗೆ, ಹಕ್ಕಿ ಹೋಗಿದ್ದು ನಿಮಗೂ ಗೊತ್ತಾಗ್ಲಿಲ್ವಾ?"

ಅವರು ತಿರುಗಿಯೂ ನೋಡಲಿಲ್ಲ.

"ನೀನು ಒಂದಿನ ಬಾಯಿ ಮುಚ್ಚಿದ್ರೆ ತಾನೇ ಕಣೋ, ಗೊತ್ತಾಗೋದು."