ಎಮ್ಮೆ ಕದ್ದವನ ಶಿಕ್ಷೆ

ಮೊನ್ನೆ ಆದೋನಿಯ ಬಜಾರಿನ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ನೆನೆಸಿಟ್ಟ ಹತ್ತಿಕಾಳಿನ ವಾಸನೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ಎಣ್ಣೆ... ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ಹಾಲಿನವ್ವ ದಿನಾ ಸಂಜೆ ತನ್ನ ಎಮ್ಮೆಯ ಮುಂದೆ ಇಡುತ್ತಿದ್ದದ್ದು ಅದನ್ನೇ.

ಗಂಡ ಸತ್ತ ಮೇಲೆ ಹಾಲಹರವಿ ಕಡೆಯಿಂದ ಬಂದವಳು ಅವ್ವ. ಇದ್ದದ್ದು ಒಂದೇ ಎಮ್ಮೆ, ಮನೆ ನಡೆಯುತ್ತಿದ್ದದ್ದು ಅದರ ಹಾಲಿನಿಂದಲೇ. ಒಂದು ಮುಂಜಾನೆ ನೋಡಿದರೆ ಗೂಟದಲ್ಲಿ ಹಗ್ಗದ ತುಂಡಷ್ಟೇ ಇತ್ತು. ಅವ್ವ ಅಳುತ್ತ ಕೂರಲಿಲ್ಲ. ಪೊಲೀಸರಿಗೆ ತಿಳಿಸಿ, ತಾನೂ ಸಂತೆಯಿಂದ ಸಂತೆಗೆ ಅಲೆದಳು. ಎಮ್ಮಿಗನೂರಿನ ಸಂತೆಯಲ್ಲಿ ಎಮ್ಮೆಯೂ ಸಿಕ್ಕಿತು, ಅದನ್ನು ಮಾರಲು ನಿಂತಿದ್ದವನೂ ಸಿಕ್ಕ. ಹತ್ತಿ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದವನು. ಮಿಲ್ಲು ನಿಂತ ಮೇಲೆ ಕೆಲಸವಿರಲಿಲ್ಲವಂತೆ.

ಕಳವಿಗೆ ಆಗ ಮೂರು ವರ್ಷದವರೆಗೂ ಜೈಲು ಹಾಕಬಹುದಿತ್ತು. ಮಾಲೀಕರು ಒಪ್ಪಿ, ಕೋರ್ಟೂ ಒಪ್ಪಿದರೆ ರಾಜಿಗೂ ದಾರಿ ಇತ್ತು. ಸಾಕ್ಷಿ ಹೇಳುವ ದಿನ ಅವ್ವನ ಜೊತೆ ನಾನೂ ಹೋಗಿದ್ದೆ. ಆತನ ವಕೀಲರು ವರಾಂಡದಲ್ಲೇ ಕೇಳಿಕೊಂಡರು: "ಅಮ್ಮಾ, ಎಮ್ಮಿ ಸಿಕ್ಕೈತಲ್ಲ, ರಾಜಿ ಆಗಿಬಿಡ್ರಿ. ಪಾಪಂ, ಹೆಂಡ್ತಿ ಅದಾಳ, ಸಣ್ಣ ಕೂಸೈತಿ."

"ಒಲ್ಲೆ ರೀ," ಎಂದಳು ಅವ್ವ. "ಎಮ್ಮಿ ಸಿಗದಿದ್ರ ನನ್ನ ಗತಿ ಏನಾಗ್ತಿತ್ತು? ಕದ್ದಾನ, ಶಿಕ್ಷೆ ಆಗ್ಲಿ."

ಕೊನೆಗೆ ಆರು ತಿಂಗಳ ಜೈಲಾಯಿತು. ತೀರ್ಪು ಕೇಳಿ ಹೊರಬಂದಾಗ ಆತನ ಹೆಂಡತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕುಳಿತಿದ್ದಳು. ಅವ್ವ ಅವಳನ್ನು ದಾಟಿ ಹೋದಳು, ಮತ್ತೆ ತಿರುಗಿ ಬಂದಳು.

"ನಾಳಿ ಮುಂಜಾನಿ ನಮ್ಮನಿಗೆ ಬಾ. ಸಗಣಿ ಬಳಿಯೋದೈತಿ, ಮನಿಮನಿಗೆ ಹಾಲು ಹಾಕೋದೈತಿ. ಕೂಲಿ ಕೊಡ್ತೀನಿ. ಕೂಸಿಗೆ ಹಾಲೂ ಕೊಡ್ತೀನಿ."

ಆಕೆ ಬಂದಳು. ಓಣಿಯವರು ಆಡಿಕೊಂಡರು. ಕಳ್ಳನ ಹೆಂಡತಿ ತಂದ ಹಾಲು ಬೇಡವೆಂದು ಒಂದೆರಡು ಮನೆಯವರು ಬಿಟ್ಟೂಬಿಟ್ಟರು. ಅವ್ವ ಯಾರನ್ನೂ ಓಲೈಸಲು ಹೋಗಲಿಲ್ಲ.

ಜೈಲಿನಿಂದ ಬಂದ ದಿನ ಆತ ಅಂಗಳದಾಚೆ ತಲೆ ತಗ್ಗಿಸಿ ನಿಂತಿದ್ದ. ಹಾಲಿಗೆಂದು ಹೋಗಿದ್ದ ನಾನು ಅಲ್ಲೇ ಇದ್ದೆ. ಎದುರು ಮನೆಯ ಹತ್ತಿ ವ್ಯಾಪಾರಿ ಕೂಗಿದರು: "ಏ ದೊಂಗಾ, ಕಳ್ಳಾ, ಮತ್ತ ಎಮ್ಮಿ ನೋಡಾಕ ಬಂದ್ಯಾ?" ಆತ ಹಿಂದಕ್ಕೆ ಹೊರಟ.

ಅವ್ವ ಹಾಲು ಕರೆಯುವುದನ್ನು ಬಿಟ್ಟು ಎದ್ದು ಬಂದಳು. "ಸಾವ್ಕಾರ್ರೀ, ಜಡ್ಜ್ ಸಾಹೇಬ್ರು ಕೊಟ್ಟ ಶಿಕ್ಷೆ ಮುಗಿಸಿ ಬಂದಾನ. ನೀವ್ಯಾಕ ಇನ್ನೊಂದು ಕೊಡ್ತೀರಿ?"

ಆಮೇಲೆ ಅವನತ್ತ ತಿರುಗಿದಳು. "ಒಳಗ ಬಾ. ನಿನ್ನ ಕೂಸು ನಡಿಯಾಕ ಕಲ್ತೈತಿ, ನೋಡು."

ಕೂಸಿಗೆ ಅಪ್ಪನ ಗುರುತು ಸಿಗಲಿಲ್ಲ. ಅವ್ವನ ಸೀರೆ ಹಿಡಿದುಕೊಂಡು ನಿಂತಿತು. ಆತ ಅಲ್ಲೇ ಕುಳಿತು ಅಳತೊಡಗಿದ...

ಆ ಗಂಡ ಹೆಂಡತಿ ಆಮೇಲೆ ದುಡಿಯಲು ಬಳ್ಳಾರಿ ಕಡೆ ಹೋದರು. ಅವ್ವ ತೀರಿಹೋಗಿಯೂ ವರ್ಷಗಳಾದವು. ಹೋದ ವಾರ ಯಾರೋ ನನ್ನ ಫೋನಿಗೊಂದು ವಿಡಿಯೊ ಕಳಿಸಿದ್ದರು. ಯಾವ ಊರೋ ಗೊತ್ತಿಲ್ಲ, ಆಡು ಕದ್ದನೆಂದು ಒಬ್ಬನನ್ನು ಕಂಬಕ್ಕೆ ಕಟ್ಟಿ ಬಡಿಯುತ್ತಿದ್ದರು. ಸುತ್ತ ನಿಂತವರಲ್ಲಿ ಸಾಕು ಎನ್ನುವವರು ಯಾರಾದರೂ ಇದ್ದಾರೇನೋ ಎಂದು ಒಂದೊಂದೇ ಮುಖ ನೋಡಿದೆ. ಯಾರೂ ಇರಲಿಲ್ಲ.